ಲೆಸ್ಟರ್ ಗೆಲ್ಲದಿದ್ದರೆ?

ಮಳೆ ಹಿಡಿದುಕೊಂಡ ಒಂದು ಸಂಜೆ ಹಾಸ್ಟೆಲಿನ ಜಗಲಿಯಲ್ಲಿ ನಾವು ಐದಾರು ಜನ ಕುಳಿತಿದ್ದೆವು. ಮಾತು ಪರೀಕ್ಷೆಯಿಂದ ಸಿನಿಮಾಕ್ಕೂ ಸಿನಿಮಾದಿಂದ ಫುಟ್‌ಬಾಲಿಗೂ ಹರಿಯಿತು. ಇಟಲಿಯ ಕ್ಲೌಡಿಯೊ ರಾನಿಯೇರಿ ಎಂಬ ಹಿರಿಯ ಫುಟ್‌ಬಾಲ್ ಮ್ಯಾನೇಜರರು ತಮ್ಮ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, 2025ರ ಮೇ ತಿಂಗಳಲ್ಲಿ, ಆ ಕೆಲಸಕ್ಕೆ ವಿದಾಯ ಹೇಳಿದ್ದರು. ನಾನು ಅವರನ್ನು ಹೊಗಳಿ ಎರಡು ಮಾತನಾಡಿದೆ. ಕೂಡಲೆ ಗೆಳೆಯನೊಬ್ಬ, “ಲೆಸ್ಟರ್ ಒಂದನ್ನು ತೆಗೆದುಬಿಡು. ಆಮೇಲೆ ಆ ಮುದುಕನ ಹತ್ತಿರ ಏನು ಉಳಿಯುತ್ತೆ, ಹೇಳು ನೋಡೋಣ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ತಕ್ಕ ಉತ್ತರ ಹೊಳೆದದ್ದು ರಾತ್ರಿ ದೀಪ ಆರಿಸಿದ ಮೇಲೆ. ವಾದಗಳಲ್ಲಿ ನನಗೆ ಯಾವಾಗಲೂ ಹೀಗೆಯೇ ಆಗುತ್ತದೆ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಚಿಕೆಯ ಸಂಪಾದಕರು ಪುಟಗಳನ್ನು ಕೊಟ್ಟಿರುವುದರಿಂದ ನಡುವೆ ಬಾಯಿ ಹಾಕುವವರೂ ಇಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಲೆಸ್ಟರ್ ಗೆಲ್ಲದೆ ಹೋಗಿದ್ದರೂ ರಾನಿಯೇರಿಯವರದು ಬರೆಯತಕ್ಕ ಬಾಳೇ ಆಗಿರುತ್ತಿತ್ತು. ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ಲೆಸ್ಟರಿನ ಗೆಲುವೇ ಆ ಬಾಳನ್ನು ನಾವು ಸರಿಯಾಗಿ ನೋಡದಂತೆ ಮಾಡಿದೆ.

ಈ ಆಟದ ವ್ಯವಸ್ಥೆಯ ಪರಿಚಯವಿಲ್ಲದ ಹಿರಿಯರಿಗಾಗಿ ಎರಡು ಮಾತು. ಯುರೋಪಿನ ದೇಶಗಳಲ್ಲಿ ಫುಟ್‌ಬಾಲ್ ಕ್ಲಬ್ಬುಗಳನ್ನು ತರಗತಿ ತರಗತಿಯಾಗಿ ವಿಂಗಡಿಸಿದ್ದಾರೆ. ವರ್ಷದ ಕೊನೆಗೆ ಮೇಲಿನ ತರಗತಿಯಲ್ಲಿ ತಳಕ್ಕೆ ಬಿದ್ದ ತಂಡಗಳು ಕೆಳಗಿನದಕ್ಕೆ ಇಳಿಯಬೇಕು. ಕೆಳಗಿನದರಲ್ಲಿ ಮುಂದಿದ್ದವು ಮೇಲೇರುತ್ತವೆ. ಗೆದ್ದರೆ 3 ಅಂಕ, ಸಮನಾದರೆ 1, ಸೋತರೆ ಸೊನ್ನೆ. ಮ್ಯಾನೇಜರ್ ಎಂದೊಡನೆ ನಮಗೆ ಬ್ಯಾಂಕಿನ ಗಾಜಿನ ಕೋಣೆ ನೆನಪಾಗುತ್ತದೆ. ಅಲ್ಲಿ ತಂಡವನ್ನು ಆರಿಸುವವರೂ ಆಡಿಸುವವರೂ ಸೋತಾಗ ಬೈಸಿಕೊಳ್ಳುವವರೂ ಅವರೇ. ಗೆದ್ದರೆ ಆಟಗಾರರು ಗೆದ್ದರು ಎನ್ನುತ್ತಾರೆ. ಸೋತರೆ ಮ್ಯಾನೇಜರ್ ಮನೆಗೆ ಹೋಗುತ್ತಾನೆ.

ಲೆಸ್ಟರ್ ಕಥೆ ಬಹು ಜನಕ್ಕೆ ಗೊತ್ತು. ಇಂಗ್ಲೆಂಡಿನ ನಡುಭಾಗದ ಆ ಊರಿನ ಕ್ಲಬ್ಬು ಹುಟ್ಟಿದ್ದು 1884ರಲ್ಲಿ. ಅದಕ್ಕೆ ದೇಶದ ಮೊದಲ ತರಗತಿಯ ಅಗ್ರಪಟ್ಟ ಎಂದೂ ದೊರೆತಿರಲಿಲ್ಲ. 1929ರಲ್ಲಿ ಎರಡನೆಯದಾಗಿ ಬಂದದ್ದೇ ಅದರ ಹಿರಿಮೆ. 2014ರ ಕ್ರಿಸ್‌ಮಸ್ ವೇಳೆಗೆ ಆ ತಂಡ ಪಟ್ಟಿಯ ತಳದಲ್ಲಿತ್ತು. ಕೊನೆಯ 9 ಪಂದ್ಯಗಳಲ್ಲಿ 7 ಗೆದ್ದು ಹೇಗೋ ಬದುಕಿಕೊಂಡಿತು. 2015ರ ಜುಲೈ ತಿಂಗಳಲ್ಲಿ ರಾನಿಯೇರಿ ಅಲ್ಲಿಗೆ ಬಂದಾಗ, ಈ ತಂಡ ಗೆಲ್ಲುತ್ತದೆಂದು ಪಣ ಕಟ್ಟುವವರಿಗೆ ಒಂದಕ್ಕೆ 5000 ಕೊಡುತ್ತೇವೆಂದು ಪಣದಂಗಡಿಗಳು ಬರೆದುಕೊಂಡವು. ಆ ಊರಿನವರೇ ಆದ ಹೆಸರಾಂತ ಮಾಜಿ ಆಟಗಾರ ಗ್ಯಾರಿ ಲಿನೆಕರ್, ರಾನಿಯೇರಿಯೇ, ನಿಜವಾಗಿಯೂ? ಎಂದು ಬಹಿರಂಗವಾಗಿ ಮೂಗು ಮುರಿದರು. ಲೆಸ್ಟರ್ ಗೆದ್ದರೆ ಒಳಚಡ್ಡಿಯಲ್ಲಿ ಟೆಲಿವಿಷನ್ ಕಾರ್ಯಕ್ರಮ ನಡೆಸುವೆನೆಂದು ಆಮೇಲೆ ಮಾತೂ ಕೊಟ್ಟರು. ಮರುವರ್ಷ ಆಗಸ್ಟಿನಲ್ಲಿ ಮಾತಿನಂತೆ ನಡೆದುಕೊಂಡರು ಎಂಬುದನ್ನು ಅವರ ಪರವಾಗಿ ಹೇಳಬೇಕು. 38 ಪಂದ್ಯಗಳಲ್ಲಿ ಲೆಸ್ಟರ್ ಸೋತದ್ದು ಮೂರೇ ಮೂರು. 81 ಅಂಕ ಗಳಿಸಿ, ಎರಡನೆಯ ಸ್ಥಾನದ ಆರ್ಸೆನಲ್ ತಂಡವನ್ನು 10 ಅಂಕ ಹಿಂದೆ ಹಾಕಿ, ಅದು ಅಗ್ರಪಟ್ಟವೇರಿತು.

ಇದನ್ನು ಪವಾಡವೆಂದು ಎಲ್ಲರೂ ಕರೆದರು. ನನ್ನ ತಕರಾರು ಇರುವುದು ಆ ಮಾತಿನ ಮೇಲೆ. ಪವಾಡಕ್ಕೆ ಹಿಂದುಮುಂದಿಲ್ಲ; ಅದು ಆಕಾಶದಿಂದ ಬೀಳುತ್ತದೆ. ಈ ಮನುಷ್ಯ ಮೂವತ್ತು ವರ್ಷ ಆ ಕೆಲಸ ಮಾಡಿದ್ದರು.

ರಾನಿಯೇರಿ ಹುಟ್ಟಿದ್ದು 1951ರ ಅಕ್ಟೋಬರ್ 20ರಂದು, ರೋಮ್ ನಗರದಲ್ಲಿ. ತಂದೆಗೆ ಟೆಸ್ಟಾಚೊ ಎಂಬ ದುಡಿಯುವ ಜನರ ಬಡಾವಣೆಯಲ್ಲಿ ಮಾಂಸದಂಗಡಿಯಿತ್ತು. ಮಗ ಊರಿನ ದೊಡ್ಡ ಕ್ಲಬ್ಬಾದ ರೋಮಾವನ್ನು ಸೇರಿದ. ಆ ತಂಡದ ಪರವಾಗಿ ಲೀಗಿನಲ್ಲಿ ಆಡಿದ್ದು ಕೇವಲ ಆರು ಪಂದ್ಯ. ಅಷ್ಟಕ್ಕೇ ಸಾಕೆನಿಸಿ ಅಂಗಡಿಗೆ ಹಿಂದಿರುಗಬಹುದಾಗಿತ್ತು. ಹಾಗೆ ಮಾಡದೆ ದಕ್ಷಿಣದ ಕತಂಜಾರೊ ಎಂಬ ಸಣ್ಣ ಊರಿನ ತಂಡಕ್ಕೆ ಹೋಗಿ, 1974ರಿಂದ 82ರವರೆಗೆ ಎಂಟು ವರ್ಷ ರಕ್ಷಣೆಯ ಸಾಲಿನಲ್ಲಿ ನಿಂತರು. ಮುಂದೆ ಸಿಸಿಲಿ ದ್ವೀಪದ ಕತಾನಿಯ, ಪಲೆರ್ಮೊ. ಆಟಗಾರರಾಗಿ ಅವರು ಕಂಡದ್ದು ನಾಲ್ಕು ಬಡ್ತಿಗಳು: ಕೆಳ ತರಗತಿಯಿಂದ ಮೇಲಿನ ತರಗತಿಗೆ ನಾಲ್ಕು ಸಲ ತಂಡದೊಡನೆ ಏರಿದರು. ಮೇಲೆಯೇ ಹುಟ್ಟಿ ಮೇಲೆಯೇ ಆಡಿದ ಆಟಗಾರನಿಗೆ ಈ ಅನುಭವ ಸಿಕ್ಕುವುದಿಲ್ಲ.

ಮ್ಯಾನೇಜರ್ ಆದದ್ದು 1986ರಲ್ಲಿ, ವಿಗೊರ್ ಲಮೇಸಿಯ ಎಂಬ, ಇಟಲಿಯಲ್ಲಿಯೂ ಹೆಚ್ಚು ಜನ ಹೆಸರು ಹೇಳದ ಕ್ಲಬ್ಬಿನಲ್ಲಿ. ಆಮೇಲೆ 1988ರಲ್ಲಿ ಸಾರ್ಡೀನಿಯ ದ್ವೀಪದ ಕಾಲ್ಯಾರಿ. ಹಿಂದೆ 1970ರಲ್ಲಿ ದೇಶದ ಅಗ್ರಪಟ್ಟ ಗೆದ್ದಿದ್ದ ಆ ಕ್ಲಬ್ಬು ಅಷ್ಟು ಹೊತ್ತಿಗೆ ಮೂರನೆಯ ತರಗತಿಗೆ ಕುಸಿದಿತ್ತು. ರಾನಿಯೇರಿ ಅದನ್ನು ಮೊದಲ ವರ್ಷ ಎರಡನೆಯ ತರಗತಿಗೆ, ಮರುವರ್ಷ ಮೊದಲ ತರಗತಿಗೆ ಏರಿಸಿದರು. ಮೂರನೆಯ ವರ್ಷ ಅಲ್ಲಿಯೇ ನಿಲ್ಲಿಸಿದರು. ಏರಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ ಎಂಬುದನ್ನು ನನ್ನಂತೆ ಹಳ್ಳಿಯ ಶಾಲೆಯಲ್ಲಿ ಮೊದಲಿಗನಾಗಿ ಕಾಲೇಜಿಗೆ ಬಂದು ಹಿಂದಿನ ಬೆಂಚಿಗೆ ಸರಿದವರೆಲ್ಲ ಬಲ್ಲರು.

ನನ್ನ ಮಾತು ಬಂದದ್ದರಿಂದ ಇಲ್ಲಿಯೇ ಒಂದು ವಿಷಯ ಹೇಳಿ ಮುಗಿಸುತ್ತೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮ್ಮಪ್ಪ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ. ಫಲಿತಾಂಶ ಬಂದ ದಿನ ಅವ್ವ ಕೇಳುವುದು ಒಂದೇ ಪ್ರಶ್ನೆ: “ಫಸ್ಟಾ ಮಗ?” ಕಳೆದ ವರ್ಷ ನನಗೆ ಬಂದದ್ದು ಸೆಕೆಂಡ್ ಕ್ಲಾಸು. ಅವ್ವ ಏನೂ ಅನ್ನಲಿಲ್ಲ; ಒಲೆಯ ಮುಂದೆ ಕುಳಿತಿದ್ದವಳು ಒಲೆಯನ್ನೇ ಊದಿದಳು. ಹಬ್ಬಕ್ಕೆ ಬಂದಿದ್ದ ಮಾವ ಮಾತ್ರ, “ಸೆಕೆಂಡ್ ಕ್ಲಾಸ್ ಬೀಯೇನ ಯಾರು ಕೇಳ್ತಾರೆ?” ಎಂದರು. ಹಾಗೆ ಹೇಳುವ ಹಕ್ಕು ಅವರಿಗುಂಟು. ನನ್ನ ಮೊದಲ ವರ್ಷದ ಫೀಸು ಕಟ್ಟಿದವರು ಅವರೇ. ಹಾಸ್ಟೆಲಿನ ಗೆಳೆಯನ ಪ್ರಶ್ನೆ ನನ್ನನ್ನು ಅಷ್ಟೊಂದು ಚುಚ್ಚಿದ್ದು ಏಕೆಂದು ಈಗ ತಿಳಿದಿರಬಹುದು. ಲೆಸ್ಟರಿಗೆ ಬರುವ ತನಕ ಸುಮಾರು ಮೂವತ್ತು ವರ್ಷ ಈ ರಾನಿಯೇರಿ ಎಂಬುವರೂ ಸೆಕೆಂಡ್ ಕ್ಲಾಸೇ. ಯಾವ ದೇಶದಲ್ಲಿಯೂ ಮೊದಲ ತರಗತಿಯ ಅಗ್ರಪಟ್ಟ ಅವರಿಗೆ ದೊರೆತಿರಲಿಲ್ಲ.

ಆದರೆ ಆ ಮೂವತ್ತು ವರ್ಷಗಳಲ್ಲಿ ಅವರು ಮಾಡಿದ್ದೇನು? ನೇಪಲ್ಸಿನ ತಂಡಕ್ಕೆ 1991ರಲ್ಲಿ ಹೋದರು. ಮರಡೋನ ಬಿಟ್ಟುಹೋದ ವರ್ಷವದು. ಮನೆಯ ಯಜಮಾನ ಹೊರಟುಹೋದ ಹಾಗಿದ್ದ ಆ ತಂಡವನ್ನು ನಾಲ್ಕನೆಯ ಸ್ಥಾನಕ್ಕೆ ತಂದರು. ಮರುವರ್ಷ ಮಿಲಾನಿನ ಎದುರು 5-1ರಲ್ಲಿ ಸೋತೊಡನೆ ಅವರನ್ನು ತೆಗೆದರು. ಎರಡನೆಯ ತರಗತಿಗೆ ಬಿದ್ದಿದ್ದ ಫ್ಲಾರೆನ್ಸಿನ ಫಿಯೊರೆಂಟೀನವನ್ನು 1994ರಲ್ಲಿ ಮೇಲಕ್ಕೆತ್ತಿದರು. 1996ರಲ್ಲಿ ಇಟಲಿಯ ಕಪ್ ಗೆದ್ದುಕೊಟ್ಟರು. ಸ್ಪೇನಿನ ವಲೆನ್ಸಿಯಕ್ಕೆ 1999ರಲ್ಲಿ ರಾಜನ ಹೆಸರಿನ ಕಪ್ ಬಂತು. ಅವರು ಬಿಟ್ಟ ಮೇಲೆ ಅದೇ ವಲೆನ್ಸಿಯ 2000 ಮತ್ತು 2001ರಲ್ಲಿ ಸಾಲಾಗಿ ಎರಡು ಸಲ ಯುರೋಪಿನ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯಕ್ಕೆ ಹೋಯಿತು. ಬಿತ್ತಿದವರೊಬ್ಬರು, ಕಣದಲ್ಲಿ ರಾಶಿ ಮಾಡಿದವರು ಇನ್ನೊಬ್ಬರು. ಈ ಬಾಳಿನಲ್ಲಿ ಇದು ಪದೇ ಪದೇ ನಡೆಯುತ್ತದೆ.

ಎಲ್ಲಕ್ಕಿಂತ ಸ್ಪಷ್ಟವಾಗಿ ನಡೆದದ್ದು ಲಂಡನ್ನಿನ ಚೆಲ್ಸಿಯಲ್ಲಿ. 2000ದ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋದಾಗ ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ. (ಇಂಗ್ಲಿಷು ಬರದೆ ಒಂದು ಕೋಣೆಯ ತುಂಬ ಜನರ ಮುಂದೆ ನಿಲ್ಲುವುದು ಎಂಥದೆಂದು ಕನ್ನಡ ಮಾಧ್ಯಮದ ಗೆಳೆಯರಿಗೆ ವಿವರಿಸಬೇಕಾಗಿಲ್ಲ.) ಅವರು ಆಟಗಾರರನ್ನು ಪಂದ್ಯದಿಂದ ಪಂದ್ಯಕ್ಕೆ ಬದಲಿಸುತ್ತಿದ್ದರೆಂದು ಪತ್ರಿಕೆಗಳು “ಟಿಂಕರ್‌ಮನ್” ಎಂದು ಹೆಸರಿಟ್ಟವು. ಟಿಂಕರ್ ಎಂದರೆ ಹಿಂದೆ ಅಲ್ಲಿ ಊರೂರು ತಿರುಗಿ ತೂತುಬಿದ್ದ ಪಾತ್ರೆಗಳಿಗೆ ಬೆಸುಗೆ ಹಾಕುತ್ತಿದ್ದವನು. ಅದೇ ಮಾತಿಗೆ, ಸುಮ್ಮನಿರಲಾರದೆ ಕೈಯಾಡಿಸಿ ಇದ್ದದ್ದನ್ನು ಕೆಡಿಸುವವನೆಂಬ ಹೀನಾರ್ಥವೂ ಬಂದಿದೆ. ಪತ್ರಿಕೆಗಳ ಉದ್ದೇಶ ಹೀನಾರ್ಥವೇ ಸರಿ. ನನಗೆ ಮಾತ್ರ ನಮ್ಮಜ್ಜಿ ಹೇಳುತ್ತಿದ್ದ ಕಲಾಯಿಯವರ ನೆನಪಾಯಿತು. ವರ್ಷಕ್ಕೊಮ್ಮೆ ಅವರು ಊರ ಬಾಗಿಲಿನ ಹುಣಿಸೆಮರದಡಿ ತಿದಿ ಹೂಡಿ ಕುಳಿತರೆ, ಕಿಲುಬು ಹಿಡಿದ ಹಿತ್ತಾಳೆ ತಪ್ಪಲೆಗಳೆಲ್ಲ ಬೆಳ್ಳಿಯಂತಾಗಿ ಮನೆಗೆ ಬರುತ್ತಿದ್ದುವಂತೆ. ಅವರು ಹೋದ ಮೇಲೆ ಹೊಗಳಿಕೆ ಸಿಕ್ಕುತ್ತಿದ್ದುದು ತಪ್ಪಲೆಗೆ.

ಚೆಲ್ಸಿಯಲ್ಲಿ ಅವರು ಲ್ಯಾಂಪಾರ್ಡನನ್ನು 2001ರಲ್ಲಿ ಕೊಂಡುತಂದರು. ಜಾನ್ ಟೆರಿ ಎಂಬ ಹುಡುಗನನ್ನು ರಕ್ಷಣೆಯ ನಡುವೆ ನಿಲ್ಲಿಸಿ ಬೆಳೆಸಿದರು. 2003ರ ಮೇ 11ರಂದು ಲಿವರ್‌ಪೂಲನ್ನು 2-1ರಲ್ಲಿ ಸೋಲಿಸಿ ನಾಲ್ಕನೆಯ ಸ್ಥಾನ ಹಿಡಿದರು. ಅದರಿಂದ ಕ್ಲಬ್ಬಿಗೆ ಚಾಂಪಿಯನ್ಸ್ ಲೀಗಿನ ಬಾಗಿಲು ತೆರೆಯಿತು. ಎರಡು ತಿಂಗಳೊಳಗೆ ರಷ್ಯದ ಧನಿಕ ರೊಮಾನ್ ಅಬ್ರಮೊವಿಚ್ ಆ ಕ್ಲಬ್ಬನ್ನೇ ಕೊಂಡ. ಕೊಂಡವನಿಗೆ ಹೊಸ ಮ್ಯಾನೇಜರ್ ಬೇಕಾಗಿತ್ತು. ಬೇರೆಯವರೊಡನೆ ಮಾತುಕತೆ ನಡೆದಿರುವುದು ಊರಿಗೆಲ್ಲ ತಿಳಿದಿತ್ತು. ಇನ್ನು ಕೆಲಸ ಹೋಗುವುದು ಖಂಡಿತ ಎಂದು ತಿಳಿದೂ ಒಂದು ವರ್ಷ ಪೂರ್ತಿ ಆ ಮನುಷ್ಯ ದಿನಾ ಬೆಳಿಗ್ಗೆ ಮೈದಾನಕ್ಕೆ ಬಂದರು, ಪತ್ರಕರ್ತರೊಡನೆ ನಗುತ್ತ ಮಾತನಾಡಿದರು, ತಂಡವನ್ನು ಎರಡನೆಯ ಸ್ಥಾನಕ್ಕೆ ತಂದರು. ಅವರಿಗಿಂತ ಮುಂದಿದ್ದುದು ಆ ವರ್ಷ ಲೀಗಿನಲ್ಲಿ ಒಂದೂ ಪಂದ್ಯ ಸೋಲದ ಆರ್ಸೆನಲ್. ಆ ಆರ್ಸೆನಲನ್ನೂ ಚಾಂಪಿಯನ್ಸ್ ಲೀಗಿನಿಂದ ಹೊರಗೆ ಹಾಕಿದ್ದು ಇದೇ ಚೆಲ್ಸಿ.

ಅವರ ತಪ್ಪನ್ನು ಮುಚ್ಚಿಟ್ಟು ಬರೆದರೆ ಈ ಲೇಖನಕ್ಕೆ ಬೆಲೆಯಿಲ್ಲ. ಅದೇ 2004ರ ಏಪ್ರಿಲಿನಲ್ಲಿ ಸೆಮಿಫೈನಲಿನ ಮೊದಲ ಪಂದ್ಯ ಮೊನಾಕೊದಲ್ಲಿ ನಡೆಯಿತು. 1-1 ಆಗಿತ್ತು, ಎದುರಾಳಿಯ ಒಬ್ಬ ಆಟಗಾರನನ್ನು ಹೊರಗೆ ಕಳಿಸಲಾಗಿತ್ತು. ಹತ್ತು ಜನರೆದುರು ಹನ್ನೊಂದು ಜನ. ಸುಮ್ಮನಿದ್ದರೂ ಸಾಕಿತ್ತು. ರಾನಿಯೇರಿ ಗೆಲ್ಲುವ ಆಸೆಯಿಂದ ಆಟಗಾರರನ್ನು ಬದಲಿಸಿ ರಕ್ಷಣೆಯ ಸಾಲನ್ನು ಕಲಕಿಬಿಟ್ಟರು. ಹತ್ತು ಜನರ ಮೊನಾಕೊ ಎರಡು ಗೋಲು ಹೊಡೆದು 3-1ರಲ್ಲಿ ಗೆದ್ದಿತು. ಟಿಂಕರನ ಹೀನಾರ್ಥ ಆ ರಾತ್ರಿ ನಿಜವಾಯಿತೆನ್ನಬೇಕು. ಮೇ ತಿಂಗಳ ಕೊನೆಯ ದಿನ ಅವರನ್ನು ತೆಗೆದು ಹೊಸೆ ಮೊರಿನ್ಹೊ ಎಂಬ ಪೋರ್ಚುಗೀಸನನ್ನು ತಂದರು. ಮೊರಿನ್ಹೊ ಮುಂದಿನ ಎರಡು ವರ್ಷವೂ ಚೆಲ್ಸಿಗೆ ಅಗ್ರಪಟ್ಟ ತಂದುಕೊಟ್ಟರು. ಆ ತಂಡದ ಬೆನ್ನೆಲುಬು ಲ್ಯಾಂಪಾರ್ಡ್ ಮತ್ತು ಟೆರಿ.

ಇದೇ ಮೊರಿನ್ಹೊ 2008ರಲ್ಲಿ ಇಟಲಿಗೆ ಬಂದು, ರಾನಿಯೇರಿಗೆ ವಯಸ್ಸಾಯಿತು, ಗೆದ್ದದ್ದು ಒಂದೆರಡು ಸಣ್ಣ ಕಪ್ಪುಗಳು ಮಾತ್ರ, ಗೆಲ್ಲಲೇಬೇಕೆಂಬ ಮನಸ್ಸೇ ಆತನದಲ್ಲ ಎಂಬ ಅರ್ಥದ ಮಾತುಗಳನ್ನು ಬಹಿರಂಗವಾಗಿ ಆಡಿದರು. ನಮ್ಮ ಮಾವನ ಮಾತಿಗೂ ಇದಕ್ಕೂ ಭಾಷೆಯೊಂದೇ ವ್ಯತ್ಯಾಸ.

ಎರಡು ವರ್ಷದ ಮೇಲೆ ಇಬ್ಬರೂ ಎದುರುಬದುರಾದರು. ಮೊರಿನ್ಹೊ ಮಿಲಾನಿನ ಇಂಟರ್ ತಂಡದಲ್ಲಿ. ರಾನಿಯೇರಿ ತಮ್ಮ ಹುಟ್ಟೂರಿನ ರೋಮಾದಲ್ಲಿ. ಮೊದಲೆರಡು ಪಂದ್ಯ ಸೋತು ಮುಗ್ಗರಿಸಿದ್ದ ರೋಮಾವನ್ನು 2009ರ ಸೆಪ್ಟೆಂಬರಿನಲ್ಲಿ ಕೈಗೆತ್ತಿಕೊಂಡವರು ಮುಂದೆ ಸಾಲಾಗಿ 24 ಲೀಗ್ ಪಂದ್ಯ ಸೋಲದಂತೆ ನಡೆಸಿ, ಏಪ್ರಿಲಿನಲ್ಲಿ ಪಟ್ಟಿಯ ತುದಿಗೆ ತಂದರು. ಏಪ್ರಿಲ್ 18ರಂದು ಅದೇ ಊರಿನ ಬದ್ಧದ್ವೇಷಿ ಲಾತ್ಸಿಯೊ ತಂಡದೊಡನೆ ಪಂದ್ಯ. ಅರ್ಧ ವೇಳೆಗೆ ರೋಮಾ 0-1 ಹಿಂದಿತ್ತು. ಆಗ ರಾನಿಯೇರಿ ಮಾಡಿದ ಕೆಲಸವನ್ನು ಕೇಳಿದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ: ರೋಮಿನ ಮಕ್ಕಳಾದ, ಊರೇ ದೇವರಂತೆ ಕಾಣುತ್ತಿದ್ದ ನಾಯಕ ಟೊಟ್ಟಿಯನ್ನೂ ಡಿ ರೊಸ್ಸಿಯನ್ನೂ ಇಬ್ಬರನ್ನೂ ಒಟ್ಟಿಗೆ ಹೊರಗೆ ಕೂಡಿಸಿದರು. ಸೋತಿದ್ದರೆ ಅವರು ಹುಟ್ಟಿದ ಊರಿನಲ್ಲಿಯೇ ತಲೆಯೆತ್ತಿ ತಿರುಗುವಂತಿರಲಿಲ್ಲ. ರೋಮಾ 2-1ರಲ್ಲಿ ಗೆದ್ದಿತು. ಗೆಲ್ಲಲೇಬೇಕೆಂಬ ಮನಸ್ಸಿಲ್ಲದವನು ಮಾಡುವ ಕೆಲಸವೇ ಇದು? ಒಂದು ವಾರದ ಮೇಲೆ ಸಾಂಪ್ಡೋರಿಯ ತಂಡ ಬಂದು ಅದೇ ಮೈದಾನದಲ್ಲಿ ರೋಮಾವನ್ನು 2-1ರಲ್ಲಿ ಸೋಲಿಸಿತು. ವರ್ಷದ ಕೊನೆಗೆ ಇಂಟರ್ 82, ರೋಮಾ 80. ಎರಡು ಅಂಕ. ಮತ್ತೆ ಎರಡನೆಯ ಸ್ಥಾನ.

ಆಮೇಲಿನದನ್ನು ಬೇಗ ಹೇಳಿಬಿಡಬಹುದು. ಇಂಟರಿನಲ್ಲಿ ಆರು ತಿಂಗಳು. ಮೊನಾಕೊವನ್ನು ಎರಡನೆಯ ತರಗತಿಯಿಂದ ಎತ್ತಿ ಮರುವರ್ಷವೇ ಫ್ರಾನ್ಸಿನ ಎರಡನೆಯ ಸ್ಥಾನಕ್ಕೆ ತಂದದ್ದು, ಆದರೂ ಕೆಲಸ ಹೋದದ್ದು. 2014ರಲ್ಲಿ ಗ್ರೀಸ್ ದೇಶದ ತಂಡ. ಗ್ರೀಸಿನದು ಕೆಟ್ಟ ಕಥೆ. ನಾಲ್ಕು ಪಂದ್ಯದಲ್ಲಿ ಒಂದನ್ನೂ ಗೆಲ್ಲಲಿಲ್ಲ. ಕೊನೆಯದರಲ್ಲಿ ಸುಮಾರು ಐವತ್ತು ಸಾವಿರ ಜನವಸತಿಯ ಫೆರೊ ದ್ವೀಪಗಳ ತಂಡ ಗ್ರೀಸಿನ ನೆಲದಲ್ಲಿಯೇ ಬಂದು ಅವರನ್ನು ಸೋಲಿಸಿತು. ಮರುದಿನ ತೆಗೆದರು. ಲಿನೆಕರ್ ಮೂಗು ಮುರಿದದ್ದು ಇದಾದ ಎಂಟು ತಿಂಗಳಿಗೆ. ಅದನ್ನು ನೆನೆದರೆ ಅವರದೂ ಅಂಥ ತಪ್ಪಲ್ಲ.

ಇಷ್ಟು ಹಿನ್ನೆಲೆಯನ್ನಿಟ್ಟುಕೊಂಡು ಲೆಸ್ಟರನ್ನು ನೋಡಿದರೆ ಅದು ಬೇರೆಯಾಗಿ ಕಾಣುತ್ತದೆ. ಟಿಂಕರ್‌ಮನ್ ಎನಿಸಿಕೊಂಡವರು ಅಲ್ಲಿ ಹೆಚ್ಚು ಕೈಯಾಡಿಸಲೇ ಇಲ್ಲ. ಹಿಂದಿನ ವರ್ಷ ತಳದಿಂದ ಪಾರಾಗಿ ಬಂದಿದ್ದ ಹುಡುಗರ ಹುರುಪನ್ನು ಹಾಗೆಯೇ ಬಿಟ್ಟರು. ವೈದ್ಯಕೀಯ ಪಟ್ಟಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತ ಸಣ್ಣ ಕ್ಲಬ್ಬುಗಳಲ್ಲಿ ಆಡಿ ಬಂದಿದ್ದ ಜೇಮಿ ವಾರ್ಡಿ ಮುಂದೆ. ಫ್ರಾನ್ಸಿನ ಎರಡನೆಯ ತರಗತಿಯಿಂದ ಅಗ್ಗಕ್ಕೆ ಬಂದಿದ್ದ ಮಹ್ರೆಜ್ ಪಕ್ಕದಲ್ಲಿ. ಆ ವರ್ಷವೇ ಸೇರಿದ ಕಾಂಟೆ ನಡುವೆ. ಸೆಪ್ಟೆಂಬರಿನಲ್ಲಿ ಆರ್ಸೆನಲ್ ಬಂದು 5-2ರಲ್ಲಿ ಬಡಿದಾಗ ಮಾತ್ರ ರಕ್ಷಣೆಯ ಎರಡು ಅಂಚುಗಳಲ್ಲಿ ಸಿಂಪ್ಸನ್ ಮತ್ತು ಫುಕ್ಸ್ ಎಂಬಿಬ್ಬರನ್ನು ತಂದು ನಿಲ್ಲಿಸಿದರು. ತೂತು ಎಲ್ಲಿದೆಯೋ ಅಲ್ಲಿಗಷ್ಟೇ ಬೆಸುಗೆ. ಒಂದು ಪಂದ್ಯದಲ್ಲಾದರೂ ಗೋಲು ಬಿಟ್ಟುಕೊಡದಿದ್ದರೆ ಎಲ್ಲರಿಗೂ ಪಿಜ್ಜಾ ಕೊಡಿಸುತ್ತೇನೆಂದರು. ಅಕ್ಟೋಬರ್ 24ರಂದು ಕ್ರಿಸ್ಟಲ್ ಪ್ಯಾಲೆಸನ್ನು 1-0ರಲ್ಲಿ ಸೋಲಿಸಿದ ಮೇಲೆ ಹೋಟೆಲಿಗೇನೋ ಕರೆದುಕೊಂಡು ಹೋದರು. ಆದರೆ ಪಿಜ್ಜಾವನ್ನು ಆಟಗಾರರ ಕೈಯಲ್ಲಿಯೇ ತಟ್ಟಿಸಿದರು. ವಸಂತ ಬರುವ ಹೊತ್ತಿಗೆ ಅದೇ ತಂಡ ಸಾಲಾಗಿ ನಾಲ್ಕು ಪಂದ್ಯಗಳನ್ನು 1-0, 1-0, 1-0, 1-0 ಎಂದು ಗೆದ್ದಿತು. ಕತಂಜಾರೊದ ರಕ್ಷಣೆಯ ಸಾಲಿನಲ್ಲಿ ಎಂಟು ವರ್ಷ ನಿಂತವರು ಮಾತ್ರ ಹೀಗೆ ಗೆಲ್ಲಿಸಬಲ್ಲರೆಂದು ನನಗನ್ನಿಸುತ್ತದೆ. ನೋಡುವವರಿಗೆ ಬೇಸರವಾಗಬಹುದು, ಅಂಕ ಮೂರು ಬರುತ್ತದೆ.

ಆ ವರ್ಷದ ಡಿಸೆಂಬರ್ 14ರಂದು ಲೆಸ್ಟರಿಗೆ ಆಡಲು ಬಂದದ್ದು ಚೆಲ್ಸಿ. ಅದರ ಮ್ಯಾನೇಜರ್ ಮತ್ತೆ ಮೊರಿನ್ಹೊ. ಲೆಸ್ಟರ್ 2-1ರಲ್ಲಿ ಗೆದ್ದಿತು. ಮೂರು ದಿನದಲ್ಲಿ ಮೊರಿನ್ಹೊ ಕೆಲಸ ಹೋಯಿತು. 2016ರ ಮೇ 2ರಂದು ಲೆಸ್ಟರಿಗೆ ಪಟ್ಟ ಖಚಿತವಾದದ್ದೂ ಚೆಲ್ಸಿಯ ಮೈದಾನದಲ್ಲಿಯೇ, ಬೆನ್ನಟ್ಟಿ ಬರುತ್ತಿದ್ದ ಟಾಟನ್‌ಹ್ಯಾಮ್ ಅಲ್ಲಿ 2-2ಕ್ಕೆ ತಡೆಯಲ್ಪಟ್ಟಾಗ. ಹನ್ನೆರಡು ವರ್ಷದ ಹಿಂದೆ ತಾವು ಕೆಲಸ ಕಳೆದುಕೊಂಡ ಅಂಗಳದಲ್ಲಿ, ತಾವು ಇಲ್ಲದ ಹೊತ್ತಿನಲ್ಲಿ, ಅವರು ಗೆದ್ದರು. ಆ ದಿನ ಅವರು ರೋಮಿಗೆ ಹೋಗಿದ್ದುದು 96 ವರ್ಷದ ತಾಯಿಯೊಡನೆ ಕುಳಿತು ಊಟ ಮಾಡಲು. ನಾನು ಇವರ ಪಕ್ಷ ವಹಿಸಲು ಆ ಊಟವೂ ಒಂದು ಕಾರಣ. ವಾದದಲ್ಲಿ ಅದಕ್ಕೆ ಬೆಲೆಯಿಲ್ಲವೆಂದು ಗೊತ್ತು.

ಈಗ ಗೆಳೆಯನ ಪ್ರಶ್ನೆಗೆ ಬರುತ್ತೇನೆ. ಬಾಳಿಗೆ ಬೆಲೆ ಬರುವುದು ಮೊದಲ ಸ್ಥಾನದಿಂದ ಎನ್ನುವುದಾದರೆ, ಆ ಮೊದಲ ಸ್ಥಾನ ರಾನಿಯೇರಿಗೆ ಏನು ಕೊಟ್ಟಿತು? 2017ರ ಜನವರಿಯಲ್ಲಿ ವಿಶ್ವದ ಅತ್ಯುತ್ತಮ ತರಬೇತುದಾರರೆಂಬ ಪ್ರಶಸ್ತಿ ಕೊಟ್ಟಿತು. ಫೆಬ್ರವರಿ 23ರಂದು ಲೆಸ್ಟರ್ ಕ್ಲಬ್ಬು ಅವರನ್ನು ಕೆಲಸದಿಂದ ತೆಗೆಯಿತು. ಪಟ್ಟವೇರಿ ಇನ್ನೂ ಹತ್ತು ತಿಂಗಳಾಗಿರಲಿಲ್ಲ. ತಂಡ ಮತ್ತೆ ತಳಕ್ಕೆ ಜಾರುತ್ತಿತ್ತೆಂಬುದು ನಿಜ. ಕ್ಲಬ್ಬಿನವರ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 132 ವರ್ಷದಲ್ಲಿ ಒಮ್ಮೆ ಸಿಕ್ಕ ಪಟ್ಟ ಅದನ್ನು ತಂದವರ ನೌಕರಿಯನ್ನು ಒಂದು ವರ್ಷವೂ ಕಾಯಲಿಲ್ಲ. ವಿಚಿತ್ರವೆಂದರೆ ಮರುದಿನ ಪತ್ರಕರ್ತರ ಮುಂದೆ ರಾನಿಯೇರಿಯ ಹೆಸರಿನ ಮೊದಲಕ್ಷರಗಳನ್ನು ಅಂಗಿಯ ಮೇಲೆ ಹಾಕಿಸಿಕೊಂಡು ಬಂದು ಕುಳಿತವರು ಮೊರಿನ್ಹೊ.

ಕೋಟಿಗಟ್ಟಲೆ ಸಂಬಳ ತೆಗೆದುಕೊಳ್ಳುವವರನ್ನು ಕೆಲಸದಿಂದ ತೆಗೆದರೆ ಕಣ್ಣೀರಿಡಬೇಕೆ ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಡ. ಮಂಡಿಯಲ್ಲಿ ಒಂದು ದಿನ ಕೆಲಸ ತಪ್ಪಿದರೆ ಏನಾಗುತ್ತದೆಂಬುದನ್ನು ಕಂಡವನು ನಾನು. ಆ ಕಷ್ಟದೊಡನೆ ಇದನ್ನು ತೂಗುವುದಿಲ್ಲ. ನಾನು ತೂಗುತ್ತಿರುವುದು ಮನುಷ್ಯ ಆಮೇಲೆ ಏನು ಮಾಡುತ್ತಾನೆ ಎಂಬುದನ್ನು. 65 ವರ್ಷ ವಯಸ್ಸು, ಸಾಕಷ್ಟು ಹಣ, ಲೋಕದಲ್ಲೆಲ್ಲ ಹೆಸರು. ಮನೆಯಲ್ಲಿ ಕುಳಿತಿರಬಹುದಾಗಿತ್ತು. ಅವರು ಫ್ರಾನ್ಸಿನ ನಾಂತ್ ಎಂಬ ತಂಡಕ್ಕೆ ಹೋಗಿ ಒಂಬತ್ತನೆಯ ಸ್ಥಾನ ತಂದರು. ಲಂಡನ್ನಿನ ಫುಲ್‌ಹ್ಯಾಮಿಗೆ ಹೋಗಿ ಮೂರೇ ತಿಂಗಳಿಗೆ ಸೋತು ಹಿಂದಿರುಗಿದರು. ರೋಮಾ, ಸಾಂಪ್ಡೋರಿಯ, ವ್ಯಾಟ್‌ಫರ್ಡ್: ಕರೆದವರ ಮನೆಗೆಲ್ಲ ಹೋದರು. ಕರೆದವರೆಲ್ಲರೂ ಮುಳುಗುತ್ತಿದ್ದವರೇ. ಒಟ್ಟು ಇಪ್ಪತ್ತಮೂರು ಸಲ ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದಾರೆ. ನಾನು ಕೂತು ಎಣಿಸಿದ್ದೇನೆ.

2022ರ ಡಿಸೆಂಬರಿನಲ್ಲಿ ಕಾಲ್ಯಾರಿ ಮತ್ತೆ ಕರೆಯಿತು. ಮೂವತ್ತೆರಡು ವರ್ಷದ ಹಿಂದೆ ತಾವು ಮೇಲಕ್ಕೆತ್ತಿ ಬಂದಿದ್ದ ಅದೇ ಕ್ಲಬ್ಬು ಮತ್ತೆ ಎರಡನೆಯ ತರಗತಿಗೆ ಬಿದ್ದು ಅಲ್ಲಿಯೂ ತಡವರಿಸುತ್ತಿತ್ತು. 71 ವರ್ಷದ ಮುದುಕರು ಹೋದರು. ತಂಡ ಐದನೆಯದಾಗಿ ಬಂದು, ಬಡ್ತಿಗಾಗಿ ನಡೆಯುವ ಕೊನೆಯ ಎರಡು ಪಂದ್ಯಗಳಲ್ಲಿ ಬಾರಿ ಎಂಬ ಊರಿನ ತಂಡವನ್ನೆದುರಿಸಿತು. ತಮ್ಮ ನೆಲದಲ್ಲಿ ನಡೆದ ಮೊದಲ ಪಂದ್ಯ 1-1. ಎರಡನೆಯದು ಜೂನ್ 11ರಂದು ಬಾರಿಯಲ್ಲಿ. ಸಮನಾದರೂ ಬಾರಿಗೇ ಬಡ್ತಿ, ಏಕೆಂದರೆ ಪಟ್ಟಿಯಲ್ಲಿ ಅದು ಮೇಲಿತ್ತು. 90 ನಿಮಿಷ ಮುಗಿದವು; 0-0. ಮೈದಾನದ ತುಂಬ ಬಾರಿಯ ಜನ ಹಬ್ಬಕ್ಕೆ ಸಿದ್ಧರಾಗಿ ನಿಂತಿದ್ದರು. 94ನೆಯ ನಿಮಿಷದಲ್ಲಿ ಪಾವೊಲೆಟ್ಟಿ ಎಂಬಾತ ಗೋಲು ಹೊಡೆದ. ರಾನಿಯೇರಿ ಅತ್ತುಬಿಟ್ಟರು. ಆಮೇಲೆ, ಗೆದ್ದ ಮದದಲ್ಲಿ ಕಾಲ್ಯಾರಿಯ ಅಭಿಮಾನಿಗಳು ಸೋತವರನ್ನು ಹಂಗಿಸತೊಡಗಿದಾಗ, ಅವರ ಮುಂದೆ ಹೋಗಿ ನಿಂತು ಕೈಸನ್ನೆ ಮಾಡಿ ತಡೆದರು. ಬಾರಿಯವರಿಗೆ ಚಪ್ಪಾಳೆ ತಟ್ಟಿ ಎಂದರು. ಕೊನೆಯ ಗಳಿಗೆಯಲ್ಲಿ ಕೈಜಾರುವುದೆಂದರೇನೆಂದು ತಿಳಿದಿದ್ದವರು ಆ ಮೈದಾನದಲ್ಲಿ ಅವರಿಗಿಂತ ಹೆಚ್ಚಿನವರು ಯಾರಿದ್ದರು? ಮರುವರ್ಷ, 2024ರ ಮೇ 19ರಂದು, ಸಸ್ಸುವೊಲೊ ತಂಡವನ್ನು ಅದರ ಊರಿನಲ್ಲಿ 2-0ರಲ್ಲಿ ಸೋಲಿಸಿ ಕಾಲ್ಯಾರಿಯನ್ನು ಮೊದಲ ತರಗತಿಯಲ್ಲಿ ಉಳಿಸಿ, ನಿವೃತ್ತಿ ಘೋಷಿಸಿದರು. ಲೆಸ್ಟರ್ ಎಂಬ ಊರೇ ಭೂಪಟದಲ್ಲಿ ಇಲ್ಲವೆಂದಿಟ್ಟುಕೊಳ್ಳಿ. ಸಾರ್ಡೀನಿಯದ ಜನಕ್ಕೆ ಈ ಮನುಷ್ಯ ಏನೂ ಅಲ್ಲವೆಂದು ಯಾರಾದರೂ ಹೇಳಲಾದೀತೆ?

ನಿವೃತ್ತಿ ಆರು ತಿಂಗಳೂ ನಡೆಯಲಿಲ್ಲ. ನವೆಂಬರಿನಲ್ಲಿ ರೋಮಾ ಹನ್ನೆರಡನೆಯ ಸ್ಥಾನಕ್ಕೆ ಕುಸಿದು ಕೈಚಾಚಿತು. ಅವರು ಮೂರನೆಯ ಸಲ ಹೋದರು; ತಂಡ 19 ಲೀಗ್ ಪಂದ್ಯ ಸಾಲಾಗಿ ಸೋಲದೆ ಮೇಲೇರಿತು. ಚಾಂಪಿಯನ್ಸ್ ಲೀಗಿಗೆ ಹೋಗಲು ನಾಲ್ಕನೆಯ ಸ್ಥಾನ ಬೇಕಿತ್ತು. ಕೊನೆಯ ದಿನದ ಲೆಕ್ಕ: ನಾಲ್ಕನೆಯದು ಯುವೆಂಟಸ್, 70 ಅಂಕ. ಐದನೆಯದು ರೋಮಾ, 69. ಅದೇ ಜೂನಿನಲ್ಲಿ ಇಟಲಿ ದೇಶದ ತಂಡವನ್ನೇ ವಹಿಸಿಕೊಳ್ಳಿ ಎಂದು ಕೇಳಿದರು, ಅವರು ಒಲ್ಲೆನೆಂದರು.

ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಹಾಸ್ಟೆಲಿನ ಆ ಗೆಳೆಯನಿಗೆ ಓದಲು ಕೊಟ್ಟೆ. ಪೂರ್ತಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, “ಬಾರಿ ಮ್ಯಾಚಿನ ಮಾತು ಒಪ್ಪಿದೆ. ಆದರೂ ಲೆಸ್ಟರ್ ಗೆಲ್ಲದಿದ್ದರೆ ನೀನು ಇದನ್ನು ಬರೆಯುತ್ತಿರಲಿಲ್ಲ” ಎಂದ. ಅದಕ್ಕೂ ಉತ್ತರ ಈ ರಾತ್ರಿ ಹೊಳೆಯಬಹುದು.